ಅಟ್ಟದ ತಳಕ್ಕೆ ಬಡಿದ ಹಲಗೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಡೂರಿನಲ್ಲಿ ವಾಸ್ತುಶಿಲ್ಪಿಯಾಗಿ ಕಚೇರಿ ತೆರೆದೆ. ನಮ್ಮ ಮನೆತನದಲ್ಲಿ ಕಾಲೇಜು ಓದಿದವನು ನಾನೇ ಮೊದಲಿಗ. ಆದ್ದರಿಂದ ಪ್ರತಿ ಮಾತನ್ನೂ ತೂಗಿ ಆಡುತ್ತಿದ್ದೆ. ತೂಗಿ ಆಡಿದ ಮಾತಿಗೂ ಅಲ್ಲಿ ಬೆಲೆ ಸಿಗಲಿಲ್ಲವೆಂಬುದನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಕೊಬ್ಬರಿ ವ್ಯಾಪಾರಿಯೊಬ್ಬರು ತಮ್ಮ ಹೊಸ ಮನೆಯ ವಿನ್ಯಾಸವನ್ನು ನನಗೆ ಒಪ್ಪಿಸಿದರು. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹರಡಿ, ಒಳಗಿನ ನೀರು ತಾನಾಗಿ ಆರಿ ಕೊಬ್ಬರಿಯಾಗುವವರೆಗೆ ತಿಂಗಳುಗಟ್ಟಲೆ ಕಾಯುತ್ತಾರೆ. ಅದಕ್ಕೆ ಕೆಳಗಿನಿಂದ ಗಾಳಿ ಬೇಕು. ಹಾಗಾಗಿ ನಡುಮನೆಯ ಮೇಲೆ, ಸಂದು ಬಿಟ್ಟು ಜೋಡಿಸಿದ ಬಿದಿರಿನ ಅಟ್ಟವನ್ನು ನಕ್ಷೆಯಲ್ಲಿ ಬರೆದಿದ್ದೆ. ಗೃಹಪ್ರವೇಶಕ್ಕೆ ಮುನ್ನ ನೋಡಲು ಹೋದರೆ, ಬಡಗಿಗಳು ಅದರ ತಳಕ್ಕೆ ಸಂದಿಲ್ಲದಂತೆ ಹಲಗೆ ಬಡಿಯುತ್ತಿದ್ದರು.

"ಗಾಳಿ ಆಡದಿದ್ರೆ ಕಾಯಿ ಕೊಳೀತವೆ, ಯಜಮಾನ್ರೇ," ಎಂದೆ.

"ಬೆಂಗ್ಳೂರಿಂದ ಬೀಗ್ರು ಬತ್ತಾರೆ ಕಣಪ್ಪ. ಕತ್ತೆತ್ತಿದ್ರೆ ಕಾಯಿ ಕಾಣ್ಬೇಕಾ? ನಾನು ಹುಟ್ಟಿದ್ದೇ ಕಾಯಿ ಕೆಳ್ಗೆ. ನಂಗೇ ಹೇಳ್ಕೊಡ್ತೀಯಾ?"

"ನೀವು ಹುಟ್ಟಿದ ಮನೆ ಅಟ್ಟಕ್ಕೆ ಹಲಗೆ ಇತ್ತಾ?"

"ಮಾತು ಚೆನ್ನಾಗ್ ಕಲ್ತಿದೀಯ. ಊಟ ಮಾಡ್ಕಂಡು ಹೋಗು."

ಮಳೆಗಾಲ ಮುಗಿಯುವಷ್ಟರಲ್ಲಿ ಕಾಯಿಗಳು ಕೊಳೆತವು. ಬೀಗರು ಮೂಗು ಮುಚ್ಚಿಕೊಂಡು ಊಟ ಮಾಡಿದರಂತೆ. ಆದರೆ ಸಂತೆಯಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ ಆ ವ್ಯಾಪಾರಿ ಹೇಳಿಕೊಂಡು ತಿರುಗಿದ್ದು ಒಂದೇ ಮಾತು: "ಓದ್ದೋನ ಕೈಗೆ ಮನೆ ಕೊಟ್ಟೆ ಕಣ್ರೀ, ಅಟ್ಟ ಪೂರಾ ಕೊಳ್ತು ಹೋಯ್ತು." ಹಲಗೆಯ ವಿಷಯ ಅವರ ಬಾಯಿಂದ ಬರಲೇ ಇಲ್ಲ. ನಾನು ಬಾಯಿ ಬಿಟ್ಟರೆ, "ದೊಡ್ಡೋರ ಮೇಲೇ ಹಾಕ್ತಾನೆ ನೋಡು," ಎಂದು ಜನ ನಕ್ಕರು. ತರೀಕೆರೆಯ ಛತ್ರದ ಕೆಲಸ ಕೈತಪ್ಪಿತು. ಅಜ್ಜಂಪುರದಲ್ಲಿ ಪಾಯ ತೋಡಿಸಿದ್ದವರು ನನ್ನ ನಕ್ಷೆಯನ್ನು ಸುರುಳಿ ಸುತ್ತಿ ಹಿಂದಿರುಗಿಸಿದರು. ಕಚೇರಿಗೆ ಬೀಗ ಹಾಕಿದೆ.

ಎಂಬತ್ತರ ದಶಕದ ಆರಂಭದಲ್ಲಿ ದೂರದ ವಿಶ್ವವಿದ್ಯಾಲಯವೊಂದರಲ್ಲಿ ಅಧ್ಯಾಪಕನಾದೆ. ಬೋಧನೆಯ ಮೇಲಿನ ಒಲವಿನಿಂದ ಬಂದೆನೆಂದು ಹೇಳಲಾರೆ, ಸಿಟ್ಟಿನಿಂದ ಬಂದೆ. ಮೊದಲ ತರಗತಿಯಲ್ಲಿ ನಾನು ಬಾಯಿ ತೆರೆದೊಡನೆ ಎಲ್ಲರೂ ತಲೆ ತಗ್ಗಿಸಿ ಬರೆದುಕೊಳ್ಳತೊಡಗಿದರು. ಸರಿಯಾದದ್ದನ್ನು ಹೇಳಿ ಅನ್ನ ಕಳೆದುಕೊಂಡವನಿಗೆ ಆ ವಿಧೇಯತೆ ಅವಮಾನದಂತೆ ಕಂಡಿತು. ಬೇಕೆಂದೇ, "ಮನೆಯ ಮುಂಬಾಗಿಲಿನ ಎತ್ತರ ನಾಲ್ಕಡಿ ಇರತಕ್ಕದ್ದು," ಎಂದೆ. ಒಂದು ತಲೆಯೂ ಮೇಲೇಳಲಿಲ್ಲ.

"ಬರೆಯುವುದನ್ನು ನಿಲ್ಲಿಸಿ. ಯಾಕೆ ಎಂದು ನನ್ನನ್ನು ಕೇಳಿ," ಎಂದು ಗದರಿದೆ.

ಮುಂದಿನ ಸಾಲಿನ ಹುಡುಗಿ ಅದನ್ನೂ ಬರೆದುಕೊಂಡಳು.