ಪಟ್ಟಿಯ ಮೊದಲ ಸಾಲು

ನಮ್ಮ ರಸ್ತೆಯ ಮಕ್ಕಳು ನನ್ನನ್ನು ‘ಫಾರಂ ಅಂಕಲ್’ ಎಂದು ಕರೆಯುತ್ತಿದ್ದರು. ಎನ್.ಆರ್. ಕಾಲೋನಿಯ ಆ ಅಡ್ಡರಸ್ತೆಯಲ್ಲಿ ರೇಷನ್ ಕಾರ್ಡಿನಿಂದ ಹಿಡಿದು ಪಾಸ್‌ಪೋರ್ಟಿನವರೆಗೆ ಯಾರಿಗೆ ಯಾವ ಅರ್ಜಿ ತುಂಬಬೇಕಾದರೂ ನಮ್ಮ ಮನೆಯ ಬೆಲ್ ಒತ್ತುತ್ತಿದ್ದರು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಮೂವತ್ತು ವರ್ಷ ಕಂಡವರ ಅರ್ಜಿ ಓದಿ, ತಪ್ಪು ಹುಡುಕಿ, ಹಿಂದಕ್ಕೆ ಕಳಿಸಿದವನು ನಾನು. ಭಾನುವಾರ ಬಂದವರಿಗೆ ಮೊದಲು ಬೈಗುಳ, ಆಮೇಲೆ ಸಹಾಯ. “ಜನ್ಮಸ್ಥಳ ಅಂತ ಇರೋ ಕಡೆ ವಿಳಾಸ ಬರ್ದಿದೀಯಲ್ಲೋ, ಕಣ್ಣು ಎಲ್ಲಿತ್ತು?” ಎಂದು ರೇಗಿ, ಕೊನೆಗೆ ನಾನೇ ಕಪ್ಪು ಇಂಕಿನಲ್ಲಿ ತಿದ್ದಿ ಕೊಡುತ್ತಿದ್ದೆ. ಆ ಹೊತ್ತಿಗೆ ಗ್ಯಾಸ್ ಸಿಲಿಂಡರ್ ಬಂದರೂ ಏಳುತ್ತಿರಲಿಲ್ಲ. “ಊರಿಗೆ ಉಪಕಾರಿ, ಮನೆಗೆ ಮಾರಿ” ಎಂದು ಹೆಂಡತಿ ಅಡುಗೆಮನೆಯಿಂದಲೇ ಹೇಳುತ್ತಿದ್ದಳು. ಅವಳು ತಮಾಷೆಗೆ ಹೇಳುತ್ತಿದ್ದದ್ದು ಅದು.

ನಮಗೆ ಒಬ್ಬಳೇ ಮಗಳು. ಓದಿನಲ್ಲಿ ಜಾಣೆ, ಮಾತಿನಲ್ಲಿ ಜಿಪುಣಿ. ಎಂಟನೇ ಕ್ಲಾಸಿನಲ್ಲಿದ್ದಾಗ ಅವಳಿಗೆ ಅವರೆಕಾಯಿಯ ಹುಚ್ಚು ಹಿಡಿಯಿತು. ತಿನ್ನುವ ಹುಚ್ಚು ನಮ್ಮ ಕಡೆ ಎಲ್ಲರಿಗೂ ಇದ್ದದ್ದೇ. ಚಳಿ ಶುರುವಾದರೆ ಗಾಂಧಿ ಬಜಾರಿನಿಂದ ಸೊಗಡಿನ ಅವರೆಕಾಯಿ ಚೀಲದಲ್ಲಿ ತಂದು, ಮನೆಮಂದಿಯೆಲ್ಲ ಕೂತು ಸುಲಿದು, ನೆನೆಹಾಕಿ ಹಿತುಕುತ್ತೇವೆ. ಇವಳ ಹುಚ್ಚು ಬೇರೆ. ಈ ಸೊಗಡು ಚಳಿಗಾಲದ ಕಾಯಿಗೆ ಮಾತ್ರ ಯಾಕೆ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ಇರಲಿಲ್ಲ. “ಇಬ್ಬನಿ ಬೀಳತ್ತಲ್ಲ, ಅದಕ್ಕೆ” ಎಂದುಬಿಟ್ಟೆ.

ಅವಳು ತಾರಸಿಯ ಮೇಲೆ ಹಳೆಯ ಪೇಂಟ್ ಬಕೆಟ್‌ಗಳಲ್ಲಿ ಅವರೆ ಬಿತ್ತಿದಳು. ಅರ್ಧ ಗಿಡಗಳಿಗೆ ಸಂಜೆಯಾದರೆ ಹಳೆಯ ಬೆಡ್‌ಶೀಟ್ ಕಟ್ಟಿ ಮುಚ್ಚುವಳು, ಬೆಳಿಗ್ಗೆ ಬಿಚ್ಚುವಳು. ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಡುವಳು. ಕಾಯಿ ಬಿಟ್ಟ ಮೇಲೆ ಎರಡು ಬಟ್ಟಲು ತಂದು ನನ್ನ ಮೂಗಿನ ಹತ್ತಿರ ಹಿಡಿದಳು. “ಮುಚ್ಚಿದ್ದಕ್ಕೂ ಸೊಗಡು ಬಂದಿದೆ ಅಪ್ಪ. ನೀವು ಹೇಳಿದ್ದು ತಪ್ಪು.” ನನಗೆ ಹಾಗೆ ಮುಖಕ್ಕೆ ಹೇಳುವ ಧೈರ್ಯ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ. ಸಿಟ್ಟು ಬರಬೇಕಿತ್ತು, ನಗು ಬಂತು. ಆ ವರ್ಷವೇ ಅವಳು ನಿರ್ಧಾರ ಮಾಡಿದ್ದಳು, ಕೃಷಿ ಬಿಎಸ್ಸಿ ಓದುತ್ತೇನೆ ಎಂದು. ಬೀಜಗಳ ಬಗ್ಗೆಯೇ ಓದುವ ಕಾಲೇಜು ಇದೇ ಊರಿನಲ್ಲಿದೆ ಎಂದು ಎಲ್ಲಿಂದಲೋ ತಿಳಿದುಕೊಂಡು ಬಂದಿದ್ದಳು.

ಪಿಯುಸಿ ಎರಡು ವರ್ಷ ನಮ್ಮ ಮನೆಯಲ್ಲಿ ಟಿವಿ ಬಾಯಿ ಬಿಡಲಿಲ್ಲ. ಬೆಳಗಿನ ಜಾವದ ಕೋಚಿಂಗಿಗೆ ನಾನು ಸ್ಕೂಟರಿನಲ್ಲಿ ಬಿಡುತ್ತಿದ್ದೆ. ಸಿಇಟಿ ಪರೀಕ್ಷೆ ಚಾಮರಾಜಪೇಟೆಯ ಒಂದು ಕಾಲೇಜಿನಲ್ಲಿತ್ತು. ಎರಡು ದಿನ ರಜೆ ಹಾಕಿ ಗೇಟಿನಾಚೆ ಮರದ ಕೆಳಗೆ ನಿಂತೆ. ಅಲ್ಲಿ ನನ್ನಂಥ ಅಪ್ಪ ಅಮ್ಮಂದಿರು ತುಂಬ ಜನ. ಎಲ್ಲರ ಕೈಯಲ್ಲೂ ನೀರಿನ ಬಾಟಲಿ, ಎಲ್ಲರ ಬಾಯಲ್ಲೂ ಕಂಪ್ಯೂಟರ್ ಸೈನ್ಸ್. “ನಿಮ್ಮ ಮಗಳಿಗೆ ಏನು ಆಸೆ ಸಾರ್?” ಎಂದು ಒಬ್ಬರು ಕೇಳಿದರು. “ಅಗ್ರಿ” ಎಂದೆ. “ಅಯ್ಯೋ, ಯಾಕೆ? ಮಾರ್ಕ್ಸ್ ಕಮ್ಮೀನಾ?” ಎಂದರು. ನಾನು ಮಾತು ಬದಲಾಯಿಸಿದೆ. ಅವರ ಮಾತು ಮಾತ್ರ ನನ್ನೊಳಗೆ ಕೂತುಬಿಟ್ಟಿತು.

ಮಗಳ ಮಾರ್ಕ್ಸ್ ಕಮ್ಮಿ ಇರಲಿಲ್ಲ. ಪಿಯುಸಿಯಲ್ಲೂ ಚೆನ್ನಾಗಿ ಬಂತು, ರ್ಯಾಂಕೂ ಚೆನ್ನಾಗಿ ಬಂತು. ಹೆಂಡತಿ ಕೇಸರಿಬಾತ್ ಮಾಡಿ ರಸ್ತೆಗೆಲ್ಲ ಹಂಚಿದಳು. ಇನ್ನು ಉಳಿದದ್ದು ಕಾಲೇಜುಗಳ ಪಟ್ಟಿ ತುಂಬುವುದು. ಬೇಕಾದ ಕೋರ್ಸು, ಕಾಲೇಜುಗಳನ್ನು ಒಂದರ ಕೆಳಗೊಂದು ಕಂಪ್ಯೂಟರಿನಲ್ಲಿ ಬರೆಯಬೇಕು. ರ್ಯಾಂಕಿಗೆ ಪಟ್ಟಿಯ ಮೇಲಿನಿಂದ ಯಾವುದು ಮೊದಲು ಸಿಗುತ್ತದೋ ಅದೇ ಸೀಟು. ಅದರ ಕೆಳಗಿನವುಗಳನ್ನು ಆಮೇಲೆ ನೋಡುವುದೇ ಇಲ್ಲ. ಮಗಳು ತನ್ನ ಪಟ್ಟಿಯ ಮೊದಲ ಸಾಲಿನಲ್ಲಿ ಕೃಷಿ ಕಾಲೇಜು ಬರೆದಳು. ಎರಡನೆಯದು, ನಮ್ಮ ಸಮಾಧಾನಕ್ಕೆಂದು, ಊರಾಚೆಯ ಒಂದು ಕಾಲೇಜಿನ ಕಂಪ್ಯೂಟರ್ ಸೈನ್ಸ್.

ನಿಜವಾದ ಹಂಚಿಕೆಗೆ ಮುಂಚೆ ಸುಮ್ಮನೆ ತೋರಿಸಲು ಒಂದು ಮಾಕ್ ಹಂಚಿಕೆ ಮಾಡುತ್ತಾರೆ. ಅದರಲ್ಲಿ ಅವಳಿಗೆ ಎರಡನೆಯದು ಬಂತು. ಕೃಷಿ ಸ್ವಲ್ಪದರಲ್ಲೇ ತಪ್ಪಿತ್ತು. ಮಗಳು ಹೆದರಲಿಲ್ಲ. “ತುಂಬ ಜನ ಮೇಲಿನವರು ಬೇರೆ ಕಡೆ ಹೋಗ್ತಾರಪ್ಪ. ಪಟ್ಟಿ ಹೀಗೇ ಇರ್ಲಿ. ಅಗ್ರಿ ಬರ್ಲಿಲ್ಲ ಅಂದ್ರೂ ಸಿಎಸ್ ಎಲ್ಲೂ ಹೋಗಲ್ಲ” ಎಂದಳು. ಸರಿಯಾಗಿಯೇ ಹೇಳಿದ್ದಳು. ಹೆದರಿದವನು ನಾನು.

ನನ್ನ ಹೆದರಿಕೆಗೆ ಮೂವತ್ತು ವರ್ಷದ ನೌಕರಿಯ ಬುದ್ಧಿ ಜೊತೆಯಾಯಿತು. ನಮ್ಮ ಕಚೇರಿಯಲ್ಲಿ ವರ್ಗಾವಣೆಯ ಅರ್ಜಿಯಲ್ಲಿ ಮೂರು ಊರು ಬರೆಯಬೇಕಿತ್ತು. ಎಲ್ಲರೂ ಬೇಡುವ ಊರನ್ನು ಮೊದಲು ಬರೆದವನು ಆಸೆಬುರುಕ ಎನ್ನಿಸಿಕೊಂಡು ಎಲ್ಲಿಗೋ ಎಸೆಯಲ್ಪಡುತ್ತಿದ್ದ. ತಿಳಿದವರು ಸಿಗುವಂಥ ಊರನ್ನು ಮೊದಲು ಬರೆದು, ಆಸೆಯ ಊರನ್ನು ಕೆಳಗೆ ಇಡುತ್ತಿದ್ದರು. ಇವನಿಗೆ ದುರಾಸೆಯಿಲ್ಲ ಎಂದು ಸಾಹೇಬರು ಆ ಕೆಳಗಿನದನ್ನೇ ಕೊಡುತ್ತಿದ್ದರು. ನಾನು ಹಾಗೆ ಬರೆದೇ ಇಡೀ ನೌಕರಿಯನ್ನು ಬೆಂಗಳೂರಿನಲ್ಲೇ ಕಳೆದವನು. ಅಲ್ಲಿ ಅರ್ಜಿ ನೋಡುತ್ತಿದ್ದದ್ದು ಮನುಷ್ಯ, ಇಲ್ಲಿ ನೋಡುವುದು ಯಂತ್ರ ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಮಗಳು ಬಿಡಿಸಿ ಹೇಳಿದ್ದರೂ ಹೊಳೆಯಲಿಲ್ಲ. ಕೈಯಲ್ಲಿದ್ದದ್ದೂ ಹೋಗುತ್ತದೆ ಎಂದೇ ಅನ್ನಿಸುತ್ತಿತ್ತು. ಪೂರ್ತಿ ನಿಜ ಹೇಳಬೇಕೆಂದರೆ, ಭಯದ ಜೊತೆಗೆ ಆಸೆಯೂ ಇತ್ತು. ಆ ಮರದ ಕೆಳಗೆ ಇನ್ನೊಮ್ಮೆ ಯಾರಾದರೂ ಕೇಳಿದರೆ ಕಂಪ್ಯೂಟರ್ ಸೈನ್ಸ್ ಎನ್ನಬೇಕು ಎಂಬ ಆಸೆ.

ಪಟ್ಟಿ ಬದಲಾಯಿಸಲು ಕೊನೆಯ ದಿನ, ಮಗಳು ಗೆಳತಿಯರ ಜೊತೆ ಸಂಪಿಗೆ ರಸ್ತೆಗೆ ಹೋಗಿದ್ದಳು. ಪಾಸ್‌ವರ್ಡ್ ನನ್ನ ಡೈರಿಯಲ್ಲಿತ್ತು, ಓಟಿಪಿ ಬರುವುದು ನನ್ನ ಫೋನಿಗೆ. ಗಾಂಧಿ ಬಜಾರಿನ ಸೈಬರ್ ಅಂಗಡಿಗೆ ಹೋಗಿ ಒಂದನ್ನು ಎರಡು ಮಾಡಿದೆ, ಎರಡನ್ನು ಒಂದು ಮಾಡಿದೆ. ಅಷ್ಟೇ. ಮನೆಗೆ ಬರುತ್ತಾ ಮಲ್ಲಿಗೆ ಹೂವು ತಂದೆ. “ಏನ್ರೀ ವಿಶೇಷ?” ಎಂದು ಹೆಂಡತಿ ಕೇಳಿದಳು. “ಏನೂ ಇಲ್ಲ” ಎಂದೆ. ಅವಳಿಗೂ ಹೇಳಲಿಲ್ಲ.

ಫಲಿತಾಂಶ ಬಂದ ಮಧ್ಯಾಹ್ನ ಮೂವರೂ ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆವು. ಕಂಪ್ಯೂಟರ್ ಸೈನ್ಸ್. ಹೆಂಡತಿ ದೇವರಿಗೆ ಕೈಮುಗಿದಳು. ಮಗಳು ಮಾತ್ರ ಪರದೆಯನ್ನೇ ತುಂಬ ಹೊತ್ತು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ನಿರಾಸೆ ಎಂದುಕೊಂಡೆ. ಸಮಾಧಾನ ಮಾಡಬೇಕಲ್ಲ ಎಂದು ತಲೆ ಸವರಿ, “ನಿನ್ನ ರ್ಯಾಂಕ್ ಸಾಲಲಿಲ್ಲ ಬಿಡು ಪುಟ್ಟಿ. ಏನ್ಮಾಡಕ್ಕಾಗತ್ತೆ” ಎಂದೆ.

“ಸರಿ ಅಪ್ಪ” ಎಂದಳು. ಎದ್ದು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ನೀರು ತುಂಬ ಹೊತ್ತು ಹರಿಯಿತು.

ಕೆಲವು ದಿನ ಕಳೆದು ಯಾವ ಸೀಟು ಯಾವ ರ್ಯಾಂಕಿಗೆ ಮುಗಿಯಿತು ಎಂಬ ಪಟ್ಟಿ ಬಂತು. ಕಚೇರಿಯಲ್ಲಿ ಊಟದ ಹೊತ್ತಿನಲ್ಲಿ ತೆಗೆದು ನೋಡಿದೆ. ಕೃಷಿ ಕಾಲೇಜಿನ ಕೊನೆಯ ರ್ಯಾಂಕು ನನ್ನ ಮಗಳ ರ್ಯಾಂಕಿಗಿಂತ ಕೆಳಗೆ ಹೋಗಿತ್ತು. ಅವಳು ಬರೆದ ಹಾಗೆ ಬಿಟ್ಟಿದ್ದರೆ ಸೀಟು ಅವಳದೇ. ಕನ್ನಡಕ ಒರೆಸಿ ಮತ್ತೆ ನೋಡಿದೆ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎಂದು ಜನ ನಗುತ್ತಾ ಹೇಳುತ್ತಾರೆ. ನನಗೆ ನಗು ಬರಲಿಲ್ಲ. ಡಬ್ಬಿಯ ಮೊಸರನ್ನ ಹಾಗೆಯೇ ಮುಚ್ಚಿಟ್ಟೆ. ಆ ದಿನ ಮನೆಗೆ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಮರುದಿನವೂ ಹೇಳಬಹುದಿತ್ತು. ಊರವರ ತಪ್ಪನ್ನೆಲ್ಲ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ತೋರಿಸಿದವನಿಗೆ ತನ್ನದೊಂದು ತಪ್ಪನ್ನು ಹೇಳಲು ನಾಲಿಗೆ ಏಳಲಿಲ್ಲ.

ಮಗಳು ಎರಡು ಬಸ್ಸು ಬದಲಾಯಿಸಿ ಕಾಲೇಜಿಗೆ ಹೋದಳು. ಫೇಲಾಗಲಿಲ್ಲ, ಗಲಾಟೆ ಮಾಡಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವಳು. ಆ ಚಳಿಗಾಲದಲ್ಲಿ ಬಕೆಟ್‌ಗಳಿಗೆ ಬೀಜ ಹಾಕಲಿಲ್ಲ. ಮರುವರ್ಷವೂ ಹಾಕಲಿಲ್ಲ. ನಾನೇ ಒಮ್ಮೆ ಗಾಂಧಿ ಬಜಾರಿನಿಂದ ಬಿತ್ತನೆಯ ಅವರೆ ತಂದು ಮೇಜಿನ ಮೇಲಿಟ್ಟೆ. “ಟೈಮಿಲ್ಲ ಅಪ್ಪ” ಎಂದಳು. ಹೆಂಡತಿ ಅದನ್ನು ಸಾರಿಗೆ ಹಾಕಿದಳು.

ನಾನು ಫಾರಂ ತುಂಬುವುದನ್ನು ಬಿಟ್ಟೆ. ಕಣ್ಣು ಕಾಣುವುದಿಲ್ಲ ಎಂದು ಎಲ್ಲರಿಗೂ ಹೇಳಿದೆ.

ಕಳೆದ ಬೇಸಿಗೆಯಲ್ಲಿ ಹಿಂದಿನ ರಸ್ತೆಯ ಒಬ್ಬ ತಾಯಿ, ಸಿಇಟಿ ಬರೆದ ಮಗಳನ್ನು ಕರೆದುಕೊಂಡು ಬಂದರು. ನನಗಾಗುವುದಿಲ್ಲ ಎಂದೆ. ಮೂರನೇ ವರ್ಷ ಮುಗಿಸಿ ರಜೆಯಲ್ಲಿದ್ದ ನನ್ನ ಮಗಳೇ ಮುಂದಿನ ಕೋಣೆಯಲ್ಲಿ ನನ್ನ ಮೇಜಿನ ಹತ್ತಿರ ಅವರನ್ನು ಕೂರಿಸಿಕೊಂಡಳು. ನಾನು ಒಳಗೆ ಪೇಪರ್ ಹಿಡಿದು ಕೂತಿದ್ದೆ. ಆ ತಾಯಿ, “ಬರೋದನ್ನೇ ಮೊದ್ಲು ಹಾಕ್ಬಿಡೋಣ್ವಾಮ್ಮ? ಇವಳಿಗೆ ಇಷ್ಟ ಇರೋದು ಬರ್ಲಿಲ್ಲ ಅಂದ್ರೆ?” ಎಂದು ಕೇಳುತ್ತಿದ್ದರು.

“ಬೇಡ ಆಂಟಿ” ಎಂದಳು ನನ್ನ ಮಗಳು. “ಅವಳಿಗೆ ಇಷ್ಟ ಇರೋದನ್ನೇ ಮೇಲೆ ಹಾಕಿ. ಬರ್ಲಿಲ್ಲ ಅಂದ್ರೆ ಕೆಳಗಿಂದು ಎಲ್ಲೂ ಹೋಗಲ್ಲ. ಭಯಕ್ಕೆ ಮಾತ್ರ ಕೆಳಗಿಳಿಸ್ಬೇಡಿ.” ಹೇಳುವಾಗ ಅವಳ ದನಿ ಏರಲಿಲ್ಲ, ಇಳಿಯಲಿಲ್ಲ. ನಾನು ಪೇಪರ್ ಮಡಿಸಿಟ್ಟೆ.

ಅವರು ಹೋದ ಮೇಲೆ ಅವಳು ತಾರಸಿಗೆ ಹೋದಳು, ಒಣಗಿದ ಸಂಡಿಗೆ ತೆಗೆಯಲು. ನಾನೂ ಮೆಟ್ಟಿಲು ಹತ್ತಿದೆ. ಮೂಲೆಯಲ್ಲಿ ಬಕೆಟ್‌ಗಳು ಒಂದರೊಳಗೊಂದು ಕೂತಿದ್ದವು. ಅವಳು ಹಾಸಿದ್ದ ಹಳೆಯ ಸೀರೆಯ ಮೇಲಿಂದ ಸಂಡಿಗೆ ಬಿಡಿಸುತ್ತಿದ್ದಳು. ನಾನು ನಿಂತೇ ಹೇಳಿದೆ. ಡೈರಿಯ ಪಾಸ್‌ವರ್ಡು, ಸೈಬರ್ ಅಂಗಡಿ, ವರ್ಗಾವಣೆಯ ಬುದ್ಧಿ, ಎಲ್ಲ.

“ಗೊತ್ತು ಅಪ್ಪ” ಎಂದಳು, ತಲೆ ಎತ್ತದೆ.

“ಯಾವಾಗಿಂದ?”

“ಅವತ್ತಿಂದಾನೇ. ರಿಸಲ್ಟ್ ಪೇಜಲ್ಲೇ ಇತ್ತಲ್ಲ, ಸಿಕ್ಕಿರೋ ಆಪ್ಷನ್ ನಂಬರ್ ಒಂದು ಅಂತ. ನಾನು ಅದನ್ನ ಎರಡನೇದಾಗಿ ಹಾಕಿದ್ದೆ.”

ಮೂವತ್ತು ವರ್ಷ ಇನ್ನೊಬ್ಬರ ಅರ್ಜಿಯ ಒಂದೊಂದು ಅಂಕಿಯನ್ನೂ ಓದಿದವನು, ನನ್ನ ಮಗಳ ಪುಟದಲ್ಲಿ ಆ ಒಂದನ್ನು ಓದಿರಲಿಲ್ಲ. ಅವಳು ಓದಿದ್ದಳು. ಓದಿಯೇ ನನ್ನ ಮುಖ ನೋಡಿದ್ದಳು.

“ಮತ್ತೆ ಕೇಳ್ಲಿಲ್ಲ ಯಾಕೆ ಪುಟ್ಟಿ?”

“ನೀವೇ ಹೇಳ್ತೀರ ಅಂತ ಕಾಯ್ತಿದ್ದೆ.” ಇನ್ನೊಂದು ಸಂಡಿಗೆ ಬಿಡಿಸಿ ಮೊರಕ್ಕೆ ಹಾಕಿದಳು. ಆಮೇಲೆ ಮೂರು ವರ್ಷದಲ್ಲಿ ಮೊದಲ ಸಲ ನನ್ನೆದುರು ಅತ್ತಳು. “ಸೀಟು ಹೋದ್ರೆ ಹೋಯ್ತಪ್ಪ. ನೀವು ಹೆದ್ರಿ ಬದಲಾಯಿಸಿದ್ರಿ, ಅದೂ ಅರ್ಥ ಆಗತ್ತೆ. ಆದ್ರೆ ನನ್ ರ್ಯಾಂಕ್ ಸಾಲ್ಲಿಲ್ಲ ಅಂದ್ರಲ್ಲ. ಅಮ್ಮ ಇವತ್ತಿಗೂ ಎಲ್ರಿಗೂ ಹಾಗೇ ಹೇಳ್ತಾಳೆ, ಪಾಪ, ಸ್ವಲ್ಪ ಮಾರ್ಕ್ಸ್ ಕಮ್ಮಿ ಬಂತು ಅಂತ. ನಾನು ಕೇಳ್ಕೊಂಡು ಕೂತಿರ್ತೀನಿ.”

ಕ್ಷಮಿಸು ಎಂಬ ಮಾತು ಬಾಯಿಗೆ ಬಂತು, ಅದು ಅವಳು ಕೇಳಿದ ಮಾತಾಗಿರಲಿಲ್ಲ.

“ಸಾಲ್ತಿತ್ತು” ಎಂದೆ. “ನಿನ್ ರ್ಯಾಂಕ್ ಸಾಲ್ತಿತ್ತು ಪುಟ್ಟಿ.”

ಅವಳು ತಲೆಯಾಡಿಸಿ, ಮುಖ ಒರೆಸಿಕೊಂಡು, ಸಂಡಿಗೆಯ ಮೊರ ನನ್ನ ಕೈಗೆ ಕೊಟ್ಟಳು. “ಕೆಳಗೆ ಹೋಗಿ ಅಮ್ಮಂಗೂ ಹೇಳಿ” ಎಂದಳು.

ನಾನು ಮೊರ ಹಿಡಿದು ಮೆಟ್ಟಿಲು ಇಳಿದೆ. ಹೆಂಡತಿ ಅಡುಗೆಮನೆಯಲ್ಲಿದ್ದಳು.