ಸಾವ್ಕಾರರ ಚಪ್ಪಲಿ ಹರಾಜು

ಚಿಂಚೋಳಿಯ ಅರ್ಧ ಜನ ಹುಟ್ಟಿದ ಕೂಡಲೇ ಕುಂಡಿಯ ಮೇಲೆ ಮೊದಲ ಏಟು ತಿಂದದ್ದು ನಮ್ಮ ನರ್ಸಬಾಯಿಯವರಿಂದ. ಹಾಗಾಗಿ ಅವರಿಗೆ ಯಾರ ದೊಡ್ಡಸ್ತಿಕೆಯೂ ಲೆಕ್ಕಕ್ಕಿರಲಿಲ್ಲ. ಊರ ದವಾಖಾನೆಯ ಹೆರಿಗೆ ಕೋಣೆ ಸೂರಿಲ್ಲದೆ ನಿಂತಾಗ, ಮಳೆಗಾಲಕ್ಕೆ ಮೊದಲೇ ಹಣ ಕೂಡಿಸಲು ಶಾಲೆಯ ಅಂಗಳದಲ್ಲಿ ಚಪ್ಪರ ಹಾಕಿಸಿ ಹರಾಜು ಇಟ್ಟರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹರಾಜಿಗೆ ಬಂದ ಕುಂಬಳಕಾಯಿಯನ್ನು ಕೂಸಿನಂತೆ ಎತ್ತಿ ಹಿಡಿದು, ಹೆರುವವರಿಗೆ ಹೇಳುವುದನ್ನೇ ಸವಾಲು ಕೂಗುವ ಗಂಡಸರಿಗೂ ಹೇಳುತ್ತಿದ್ದರು: "ಜೋರ್ ಹಾಕ್ರಿ, ಇನ್ನೊಂಚೂರ ಜೋರ್ ಹಾಕ್ರಿ!"

ಮುಂದಿನ ಕುರ್ಚಿಯಲ್ಲಿದ್ದ ಸಣ್ಣ ಸಾವ್ಕಾರರು ಮಾತ್ರ ಯಾವುದಕ್ಕೂ ಸವಾಲು ಕೂಗಲಿಲ್ಲ. ನರ್ಸಬಾಯಿ ಚಪ್ಪರದ ಹೊರಗೆ ಹೋಗಿ, ಅವರು ಅಲ್ಲಿ ಬಿಟ್ಟಿದ್ದ ಹೊಸ ಚಪ್ಪಲಿ ತಂದು ಮೇಜಿನ ಮೇಲಿಟ್ಟರು. "ಇವು ಸವಾಲಿಗೆ ಬಂದಾವ್ರಿ. ಎಷ್ಟಂತೀರಿ?"

"ನನ್ನ ಚಪ್ಪಲಿಗೆ ನಾನೇ ರೊಕ್ಕ ಕೊಡಬೇಕೇನು?" ಸಾವ್ಕಾರರು ಎದ್ದರು.

"ಬ್ಯಾಡ್ರಿ, ಬರಿಗಾಲಿಲೆ ಹೋಗ್ರಿ. ನನ್ನ ಕೈಯಾಗ ಹುಟ್ಟಿದಾಗ ಮೈಮ್ಯಾಲ ಅಂಗಿನೂ ಇದ್ದಿಲ್ಲ."

ಜನ ಬಿದ್ದು ಬಿದ್ದು ನಕ್ಕರು. ಸಾವ್ಕಾರರು ಹಲ್ಲು ಕಚ್ಚಿ "ಇಪ್ಪತ್ತು" ಎಂದರು.

"ಐವತ್ತು!" ಹೆಂಗಸರ ನಡುವಿನಿಂದ ಅವರ ಬಸುರಿ ಹೆಂಡತಿ ಕೂಗಿದಳು.

"ಏ, ನಿನಗ ತಲಿ ಕೆಟ್ಟದೇನು?"

"ಮಳ್ಯಾಗ ಹಡಿಯಾಕಿ ನಾನ್ರಿ, ನೀವಲ್ಲ."

ಅವರು ಎಪ್ಪತ್ತೆಂದರು, ಆಕೆ ನೂರೆಂದಳು. ಸಾವ್ಕಾರರು ಸೋತು, ಹೆಂಡತಿಯ ನೂರನ್ನೂ ತಾವೇ ಕೊಡಲು ಕಿಸೆಗೆ ಕೈ ಹಾಕಿದರು. ನರ್ಸಬಾಯಿ ಚಪ್ಪಲಿಯನ್ನು ಗೆದ್ದವಳ ಮಡಿಲಿಗೆ ಹಾಕಿ ಹೇಳಿದರು: "ಅವರು ಕೇಳಿದ್ರ ಹಂಗೇ ಕೊಡಬ್ಯಾಡವ್ವ, ಇನ್ನೊಮ್ಮೆ ಸವಾಲ್ ಮಾಡಾಮು. ಹೆರಿಗಿ ಕೋಣಿ ಬಾಗಿಲಿಗಿನ್ನಾ ರೊಕ್ಕ ಬೇಕದ."