ಅಕ್ಕನ ಪಾಲಿನ ಉಪವಾಸ

ಇವತ್ತು ಸಂಜೆ ನಾನು ಕಲಿಸುವ ಶಾಲೆ ಬಿಟ್ಟ ಮೇಲೆ ಬಸವಕಲ್ಯಾಣದಲ್ಲಿ ಹುಮನಾಬಾದಿನ ಬಸ್ಸು ಹತ್ತಿದೆ. ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಹಣೆಯ ನಡುವೆ ಬೂದಿಯ ಶಿಲುಬೆ. ಬೆವರಿಗೆ ಅರ್ಧ ಅಳಿಸಿ, ಅಡ್ಡಗೆರೆ ಹುಬ್ಬಿನ ಕಡೆ ಜಾರಿತ್ತು. ಅವಳ ಪಕ್ಕದಲ್ಲಿ ಘಾಟಬೋರಾಳದ ಕಡೆಯ ಒಬ್ಬ ಅಜ್ಜಿ. ಅವರ ಹಣೆಯಲ್ಲೂ ವಿಭೂತಿಯಿತ್ತು, ಮೂರು ಬೆರಳಿನದು. ಅವರು ಹುಡುಗಿಯ ಹಣೆಯನ್ನು ಬಹಳ ಹೊತ್ತು ನೋಡಿ ಕೇಳಿದರು:

"ಯಾವ ಮಠಕ್ಕ ಹೋಗಿದ್ದಿ ತಂಗಿ?"

"ಮಠ ಅಲ್ರಿ ಅಮ್ಮಾ, ಚರ್ಚಿಗೆ."

"ನಿಮ್ಮೊಳಗೂ ಹಚ್ಚತಾರೇನು?"

"ಕೆಲವ್ರು ಹಚ್ಚಗೋತಾರ, ಕೆಲವ್ರು ಹಚ್ಚಗೊಳ್ಳಂಗಿಲ್ರಿ."

ಅಜ್ಜಿಗೆ ಅಷ್ಟು ಉತ್ತರ ಸಾಕಾಯಿತು. ಸೆರಗು ತಲೆ ಮೇಲೆ ಎಳೆದುಕೊಂಡು ಕಣ್ಣು ಮುಚ್ಚಿದರು. ನನಗೆ ಸಾಕಾಗಲಿಲ್ಲ. ಆ ಹುಡುಗಿ ಹೇಳಿದ ಎರಡೂ ಬಗೆಯ 'ಕೆಲವರು' ನಮ್ಮ ಮನೆತನದಲ್ಲೇ ಇದ್ದರು. ಒಬ್ಬಳು ನನ್ನ ಅವ್ವ. ಇನ್ನೊಬ್ಬಳು ಅವಳ ಒಡಹುಟ್ಟಿದ ಅಕ್ಕ, ನನ್ನ ದೊಡ್ಡವ್ವ ಕರುಣಮ್ಮ. ಬಸ್ಸು ನಿಧಾನದ್ದು, ಕೈತೋರಿದಲ್ಲೆಲ್ಲ ನಿಲ್ಲುವಂಥದ್ದು. ನಿಮಗೂ ಅವಸರವಿಲ್ಲದಿದ್ದರೆ ಅವರಿಬ್ಬರ ವಿಷಯ ಹೇಳುತ್ತೇನೆ.

ಅವರ ಅಪ್ಪ, ಎಂದರೆ ನನ್ನ ಅಜ್ಜ, ದುಬಲಗುಂಡಿಯವನು. ಬೇರೆಯವರ ಹೊಲದಲ್ಲಿ ದುಡಿದವನು. ಊರಲ್ಲಿ ಮದುವೆ ಊಟವಾದರೆ ಅವನಿಗೆ ಪಂಕ್ತಿಯಲ್ಲಿ ಜಾಗ ಇರಲಿಲ್ಲ. ಎಲ್ಲರದೂ ಮುಗಿದ ಮೇಲೆ ದೂರದಲ್ಲಿ ಕೂಡಿಸಿ ಬಡಿಸುತ್ತಿದ್ದರು. ಹರೆಯದಲ್ಲಿ ಅವನು ಹಣೆಯ ವಿಭೂತಿ ಒರೆಸಿಕೊಂಡು ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತನಾದ. ಆಮೇಲೆ ಅವನು ಮಕ್ಕಳಿಗೆ ಹೇಳುತ್ತಿದ್ದದ್ದು ಒಂದೇ: ಮಿಶನ್ ಚರ್ಚಿನ ಅಂಗಳದಲ್ಲಿ ಮೊದಲ ಸಲ ಎಲ್ಲರ ಸಾಲಿನಲ್ಲಿ ಕೂತು ಉಂಡ ದಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲವಂತೆ, ಅಷ್ಟು ಅಳು ಬಂದಿತ್ತಂತೆ.

ದೊಡ್ಡವ್ವನನ್ನು ಬಸವಕಲ್ಯಾಣದ ಒಂದು ಕಥೋಲಿಕ ಮನೆಗೆ ಕೊಟ್ಟರು. ಅವ್ವ ಹುಮನಾಬಾದಿಗೆ ಬಂದಳು. ಹುಮನಾಬಾದಿನ ನಮ್ಮ ಚರ್ಚಿನಲ್ಲಿ ಈಸ್ಟರಿಗೆ ಮುಂಚಿನ ಈ ನಲವತ್ತು ದಿನಗಳ ತಪಸ್ಸಿನ ಬಗ್ಗೆ ದೊಡ್ಡ ಕಟ್ಟುನಿಟ್ಟು ಇರಲಿಲ್ಲ. ಉಪವಾಸ ನಿಮ್ಮ ನಿಮ್ಮ ಮನಸ್ಸಿಗೆ ಬಿಟ್ಟದ್ದು ಎಂದು ಪಾಸ್ಟರು ಹೇಳಿ ಮುಂದಿನ ಹಾಡಿಗೆ ಹೋಗುತ್ತಿದ್ದರು. ನನ್ನ ಅಪ್ಪ ತೀರಿಕೊಂಡ ಮೇಲೆ ಅವ್ವ ಒಂದು ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿದಳು. ಅಲ್ಲಿಯವರಿಗೆ ಬೂದಿಯೂ ಇಲ್ಲ, ತಪಸ್ಸಿನ ಕಾಲವೂ ಇಲ್ಲ. ಎಲ್ಲ ದಿನವೂ ದೇವರದೇ. ಆದರೆ ಶುಕ್ರವಾರದ ಉಪವಾಸ ಪ್ರಾರ್ಥನೆ ಮಾತ್ರ ಬೆಳಿಗ್ಗೆಯಿಂದ ಸಂಜೆಯವರೆಗೆ ನಡೆಯುತ್ತಿತ್ತು. ದೊಡ್ಡವ್ವನದು ಬೇರೆ ಪದ್ಧತಿ. ಆ ನಲವತ್ತು ದಿನ ಶುರುವಾಗುವ ವಿಭೂತಿ ಬುಧವಾರ ಹಣೆಗೆ ಬೂದಿ ಬಿದ್ದರೆ ಈಸ್ಟರಿನವರೆಗೆ ಮಾಂಸವಿಲ್ಲ, ಹಗಲೂಟವಿಲ್ಲ, ಅವಳ ಪ್ರಾಣವಾಗಿದ್ದ ಚಹಾವೂ ಇಲ್ಲ. ನಾನಂತೂ ಆ ವಾರಗಳಲ್ಲಿ ಅವ್ವನ ಮನೆಯ ಮೊಟ್ಟೆ ತಿನ್ನುತ್ತಿದ್ದೆ, ಅವ್ವ ಒಲೆ ಹಚ್ಚದ ಶುಕ್ರವಾರಗಳಂದು ದೊಡ್ಡವ್ವನ ಊರಿನ ಬಸ್ಸು ಹತ್ತುತ್ತಿದ್ದೆ. ತನಗೆ ಹಗಲೂಟವಿಲ್ಲದಿದ್ದರೂ ಆಕೆ ನನಗೆ ಬಿಸಿ ರೊಟ್ಟಿ ಬಡಿಯುತ್ತಿದ್ದಳು. ನನ್ನ ಧರ್ಮವಿಚಾರವನ್ನೆಲ್ಲ ಹೊಟ್ಟೆಯೇ ನಿರ್ಧರಿಸುತ್ತಿತ್ತು.

ಅಕ್ಕತಂಗಿಯರು ಸೇರಿದಾಗಲೆಲ್ಲ ಇದೇ ಮಾತು. ಒಬ್ಬಳು ತೊಗರಿಬೇಳೆ ಆರಿಸುತ್ತ, ಇನ್ನೊಬ್ಬಳು ಬೆಳ್ಳುಳ್ಳಿ ಸುಲಿಯುತ್ತ.

"ಬೂದಿ ಒರಸಗೊಂಡು ಬಂದಾತನ ಮಕ್ಕಳು ನಾವು," ಅವ್ವ ಅನ್ನುತ್ತಿದ್ದಳು. "ಮತ್ತ ಅದನ್ನ ಹಚ್ಚಗೋಳಾಕ ನಿನಗ ಹ್ಯಾಂಗ ಮನಸ್ಸು ಬರತದ ಅಕ್ಕಾ?"

"ಅಪ್ಪ ಬಿಟ್ಟಿದ್ದು ಬ್ಯಾರೆ. ಇದು ನೀ ಮಣ್ಣು, ಮಣ್ಣಾಗ್ತಿ ಅಂತ ನೆನಪು ಮಾಡೋ ಬೂದಿ."

"ಅದನ್ನ ನೆನೆಸಾಕ ಹಣಿ ಮ್ಯಾಲ ಬರಕೋಬೇಕೇನು? ಉಪವಾಸ ಮಾಡುವಾಗ ಮಾರಿ ತೊಳಕೋರಿ, ಮಂದಿಗೆ ತೋರಸಬ್ಯಾಡ್ರಿ ಅಂತ ದೇವರ ವಾಕ್ಯದಾಗ ಅದ."

"ಬೂದಿ ಹಚ್ಚೋ ದಿನ ನಮ್ಮ ಚರ್ಚಿನ ಗುರುಗಳು ಓದೋದೂ ಅದೇ ವಾಕ್ಯ," ಎಂದು ದೊಡ್ಡವ್ವ ನಗುತ್ತಿದ್ದಳು. ಅವ್ವನೂ ನಗುತ್ತಿದ್ದಳು. ಆಗೆಲ್ಲ ಜಗಳ ಅಷ್ಟರಲ್ಲೇ ಮುಗಿಯುತ್ತಿತ್ತು.

ಅದು ಮುಗಿಯದೇ ಉಳಿದದ್ದು ನನ್ನ ಮದುವೆಯಲ್ಲಿ. ಹುಡುಗ ಸೈನ್ಯದಲ್ಲಿದ್ದವರು, ಅವರಿಗೆ ರಜೆ ಸಿಕ್ಕದ್ದು ಆ ತಪಸ್ಸಿನ ವಾರಗಳಲ್ಲೇ. ದೊಡ್ಡವ್ವ, "ಹಬ್ಬ ಮುಗದ ಮ್ಯಾಲ ಇಟ್ಟಗೋರಿ," ಎಂದು ಹೇಳಿ ಕಳಿಸಿದಳು. ಅವ್ವ ಕೇಳಲಿಲ್ಲ. ದೊಡ್ಡವ್ವ ಬಂದಳು. ನನಗೆ ಸೀರೆ ಉಡಿಸಿದಳು, ಹೂ ಮುಡಿಸಿದಳು, ನನಗಿಂತ ಹೆಚ್ಚು ಅತ್ತಳು. ಆದರೆ ಊಟದ ಹೊತ್ತಿಗೆ ಬಿರಿಯಾನಿಯ ಸಾಲು ಬಿಟ್ಟು ಶಾಮಿಯಾನದ ಮೂಲೆಗೆ ಹೋಗಿ ಕೂತಳು. ಮಾಂಸದ ಮಾತು ಬಿಡಿ, ಸಂಜೆಯಾಗುವತನಕ ಅವಳು ಏನೂ ತಿನ್ನುವಂತಿರಲಿಲ್ಲ. ನೀರಿನ ಲೋಟ ಹಿಡಿದು, ಉಣ್ಣುವವರನ್ನು ಪ್ರೀತಿಯಿಂದಲೇ ನೋಡುತ್ತ ಕೂತಿದ್ದಳು.

ಅವ್ವ ಬಂದು ಅವಳ ಮುಂದೆ ನಿಂತಳು.

"ಒಂದು ತುತ್ತು ಅನ್ನ, ಬ್ಯಾಳಿ. ನನ್ನ ಮಗಳ ಮದುವ್ಯಾಗ. ಅಷ್ಟೂ ಆಗಂಗಿಲ್ಲೇನು?"

"ಸಂಜಿಗೆ ಉಣ್ಣತೀನಿ ತಂಗಿ. ತಪ್ಪು ತಿಳಕೋಬ್ಯಾಡ."

"ಅಪ್ಪನ ಜೋಡಿ ಮಂದಿ ಕೂತು ಉಣ್ಣತಿರಲಿಲ್ಲ. ಇವತ್ತ ನೀ ನಮ್ಮ ಜೋಡಿ ಉಣ್ಣವಲ್ಲಿ. ಅವರಿಗೂ ನಿನಗೂ ಏನು ಫರಕು?"

ದೊಡ್ಡವ್ವ ಲೋಟ ಕೆಳಗಿಟ್ಟು ಎದ್ದಳು. ನನ್ನ ಹತ್ತಿರ ಬಂದು ಗಲ್ಲ ಮುಟ್ಟಿ ಮುದ್ದಿಟ್ಟು, ಮಗನ ಜೊತೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನಂತರ ಹಲವು ವರ್ಷ ಅವರಿಬ್ಬರ ನಡುವೆ ಮಾತಿರಲಿಲ್ಲ. ಕ್ರಿಸ್ಮಸ್ಸಿಗೆ ಕರಜಿಕಾಯಿ ಮಾತ್ರ ಆ ಊರಿನಿಂದ ಈ ಊರಿಗೆ, ಈ ಊರಿನಿಂದ ಆ ಊರಿಗೆ ನನ್ನ ಚೀಲದಲ್ಲೇ ಓಡಾಡುತ್ತಿತ್ತು. "ಖಾರ ಜಾಸ್ತಿ ತಿನ್ನಬ್ಯಾಡ ಅಂತ ಹೇಳು ಆಕಿಗ," ಎಂದು ಒಬ್ಬಳು. "ಮೊಣಕಾಲಿಗೆ ಎಣ್ಣಿ ತಿಕ್ಕಾಕ ಹೇಳು," ಎಂದು ಇನ್ನೊಬ್ಬಳು.

ಕೊನೆಗೆ ಅವರನ್ನು ಕೂಡಿಸಿದ್ದು ದೊಡ್ಡವ್ವನ ಹೊಟ್ಟೆಯೊಳಗಿನ ಗಡ್ಡೆ. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಹಾಗಂದರೆ ಏನೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸುದ್ದಿ ತಿಳಿದಾಗ ಅವ್ವ ಎರಡು ಸೀರೆ ಚೀಲಕ್ಕೆ ಹಾಕಿಕೊಂಡು, "ನಡಿ," ಎಂದಳು.

ನಾವು ಹೋದದ್ದು ವಿಭೂತಿ ಬುಧವಾರದ ಮರುದಿನ. ಗುರುಗಳು ಮನೆಗೇ ಬಂದು ಬೂದಿ ಹಚ್ಚಿ ಹೋಗಿದ್ದರು. ಬತ್ತಿದ ಹಣೆಯ ಮೇಲೆ ಅದು ಇನ್ನೂ ಉಳಿದಿತ್ತು. ದೊಡ್ಡವ್ವ ಹಗಲಲ್ಲಿ ಗಂಜಿ ಮುಟ್ಟುತ್ತಿರಲಿಲ್ಲ. ಖಾಲಿ ಹೊಟ್ಟೆಗೆ ಗುಳಿಗೆ ಕೊಡುವಂತಿಲ್ಲ, ಗುಳಿಗೆಯಿಲ್ಲದೆ ನೋವು ತಡೆಯುವಂತಿಲ್ಲ. ಕಾಯಿಲೆಯವರಿಗೆ ಉಪವಾಸದ ಕಟ್ಟಳೆ ಇಲ್ಲವಮ್ಮಾ ಎಂದು ಗುರುಗಳೇ ತಿಳಿಸಿ ಹೇಳಿದ್ದರಂತೆ.

"ಇಲ್ಲ ಅಂತ ನನಗೂ ಗೊತ್ತದ," ಎಂದಳು ದೊಡ್ಡವ್ವ ನನಗೆ. "ಆದ್ರ ಈ ವರ್ಷ ಬಿಟ್ರ ನನಗ ಮತ್ತ ಸಿಗತದೇನು ಹೇಳು?"

ಅವ್ವ ಅಕ್ಕನ ಕಾಲು ಒತ್ತುತ್ತ ಕೂತಿದ್ದಳು. ತಲೆಯೆತ್ತದೆ ಹೇಳಿದಳು:

"ನೀ ಉಣ್ಣು. ನಿನ್ನ ಪಾಲಿಂದು ನಾ ಮಾಡ್ತೀನಿ."

"ನೀ ಇದನ್ನ ನಂಬಂಗಿಲ್ಲಲ್ಲ."

"ನಂಬಂಗಿಲ್ಲ. ಆದ್ರ ನಂಬದಿದ್ರೂ ಹಸಿವಿ ಆಗತದಲ್ಲ ಅಕ್ಕಾ."

ದೊಡ್ಡವ್ವ ಅವಳನ್ನೇ ನೋಡಿದಳು. ಆಮೇಲೆ ಸಣ್ಣ ಮಗುವಿನ ಹಾಗೆ ಬಾಯಿ ತೆರೆದಳು. ಅವ್ವ ಗಂಜಿ ಕುಡಿಸಿದಳು.

ಅಂದಿನಿಂದ ಅವ್ವ ಅಲ್ಲೇ ಉಳಿದಳು. ಅಕ್ಕ ಬಿಡಬೇಕಾಗಿದ್ದನ್ನೆಲ್ಲ ತಾನು ಬಿಟ್ಟಳು: ಹಗಲೂಟ, ಮಾಂಸ, ಚಹಾ. ಹಣೆಗೆ ಬೂದಿ ಮಾತ್ರ ಹಚ್ಚಿಕೊಳ್ಳಲಿಲ್ಲ, ದೊಡ್ಡವ್ವ ಕೇಳಲೂ ಇಲ್ಲ. ಒಂದು ದಿನ ಅವ್ವನ ಪ್ರಾರ್ಥನಾ ಕೂಟದ ಹಿರಿಯರೊಬ್ಬರು ರೋಗಿಯನ್ನು ನೋಡಲು ಬಂದರು. ಒಳ್ಳೆಯ ಮನುಷ್ಯ; ಹಣ್ಣು ತಂದಿದ್ದರು, ಬಹಳ ಹೊತ್ತು ಪ್ರಾರ್ಥಿಸಿದರು. ಚಹಾ ಬಂದಾಗ ಅವ್ವ ಬೇಡವೆಂದದ್ದು ನೋಡಿ ಸಂಗತಿ ತಿಳಿದುಕೊಂಡರು.

"ಇದು ಮನುಷ್ಯರು ಮಾಡಿದ ಪದ್ಧತಿ ಅಮ್ಮಾ. ನೀವು ತಿಳಿದವರು. ಯಾಕ ಮಾಡಾಕತ್ತೀರಿ?"

"ದೇವರ ಸಲುವಾಗಿ ಮಾಡಾಕತ್ತಿಲ್ರಿ ಅಣ್ಣಾರ," ಎಂದಳು ಅವ್ವ. "ಅಕ್ಕನ ಸಲುವಾಗಿ ಮಾಡಾಕತ್ತೀನಿ."

ಈಸ್ಟರಿನ ಹಿಂದಿನ ಗರಿಗಳ ಭಾನುವಾರ ಇನ್ನೂ ಬಂದಿರಲಿಲ್ಲ, ದೊಡ್ಡವ್ವ ಹೋದಳು. ಗೋರಿಗೆ ಮಣ್ಣು ಹಾಕಿ ಬಂದ ಮೇಲೆ ಅಕ್ಕಪಕ್ಕದವರು ಅನ್ನ ಸಾರು ಮಾಡಿ ತಂದರು. ಇನ್ನು ಯಾರ ಪಾಲಿನ ಉಪವಾಸ, ಉಣ್ಣು ಎಂದೆ ಅವ್ವನಿಗೆ. "ಹಬ್ಬ ಇನ್ನೂ ಬಂದಿಲ್ಲ," ಎಂದಳು. ಈಸ್ಟರಿನ ಬೆಳಿಗ್ಗೆಯವರೆಗೆ ಹಾಗೆಯೇ ಇದ್ದಳು. ಆಮೇಲೆ ಎಂದೂ ಆ ಉಪವಾಸ ಹಿಡಿಯಲಿಲ್ಲ.

ಇಷ್ಟು ವರ್ಷ ನಾನು ಈ ಕಥೆಯನ್ನು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ, ಕೊನೆಯಲ್ಲಿ ಸ್ವಲ್ಪ ಸಮಾಧಾನ ಸೇರಿಸಿ: ಒಬ್ಬಳು ಉಣ್ಣಲೆಂದು ಇನ್ನೊಬ್ಬಳು ಹಸಿದಳು, ಅಕ್ಕತಂಗಿಯರು ಒಂದಾದರು ಎಂದು. ಮೇಷ್ಟ್ರ ಚಾಳಿ, ಪಾಠದ ಕೊನೆಗೆ ಸಾರಾಂಶ ಬೇಕೇ ಬೇಕು.

ಇವತ್ತು ಬಸ್ಸಿಳಿದು ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಸ್ಸಿನ ಹುಡುಗಿಯ ವಿಷಯ ಹೇಳಿದೆ. "ನಿನ್ನಿಂದ ದೊಡ್ಡವ್ವ ಕಡೀ ದಿನದಾಗ ನಾಕು ತುತ್ತು ಉಂಡಳು, ಅಷ್ಟಾದರೂ ಆತು," ಎಂದೆ.

ಅವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಉಣ್ಣಲಿಲ್ಲವ್ವ ಆಕಿ," ಎಂದಳು. "ಮೊದಲ ನಾಕೈದು ದಿನ ಉಂಡಿರಬೇಕು. ಆಮ್ಯಾಲ ಗಂಟಲದಾಗ ಇಳಿತಿರಲಿಲ್ಲ. ಬಾಯಾಗ ಹಿಡಕೊಂಡು ಕೂಡತಿದ್ಲು. ನಾ ನೀರು ತರಾಕ ಒಳಗ ಹೋದಾಗ ಸೆರಗಿನಾಗ ಉಗುಳತಿದ್ಲು. ಸೀರಿ ಒಗಿಯಾಕ ತಗೊಂಡಾಗ ಗೊತ್ತಾತು."

"ಕೇಳಲಿಲ್ಲೇನು?"

"ಏನಂತ ಕೇಳಲಿ? ನನಗ ಸಮಾಧಾನ ಆಗಲಿ ಅಂತ ಬಾಯಿ ತೆರೀತಿದ್ಲು. ನಾನೂ ಗೊತ್ತಿಲ್ಲದವರಂಗ ದಿನಾ ತಿನಿಸಿದೆ. ನೀರು ತರತೀನಿ ಅಂತ ನಾನಾಗೇ ಎದ್ದು ಹೋಗತಿದ್ದೆ, ಆಕಿ ಉಗುಳಲಿ ಅಂತ." ಬೆಂದ ರೊಟ್ಟಿ ಹಂಚಿನಿಂದ ಇಳಿಸಿ ಹೇಳಿದಳು, "ಇಬ್ರೂ ಉಪಾಸನೇ ಇದ್ವಿ."

ನಾನು ಗೋಡೆಗೆ ಒರಗಿ ಕೂತೆ. ಅವ್ವ ತಟ್ಟೆಗೆ ರೊಟ್ಟಿ ಹಾಕಿ, ಪುಂಡಿಪಲ್ಯ ಬಡಿಸಿ ನನ್ನ ಮುಂದಿಟ್ಟಳು.

"ಆರತದ. ಉಣ್ಣು," ಎಂದಳು.

ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡೆ. ಅವ್ವ ಒಲೆಯ ಕಡೆ ತಿರುಗಲಿಲ್ಲ. ನಾನು ನುಂಗುವವರೆಗೂ ಎದುರಿಗೇ ಕೂತು ನನ್ನ ಗಂಟಲನ್ನೇ ನೋಡುತ್ತಿದ್ದಳು.